ಯಾರಿಗೆ ಯಾವ ರೀಲು

ಫಿಲ್ಮ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡ ಇಬ್ಬರು ಎದುರುಬದುರಾದರೆ ಕುಶಲ ವಿಚಾರಿಸುವ ಮೊದಲೇ ಬರುವ ಪ್ರಶ್ನೆ, ‘ಯಾವ ರೀಲು ಹಾಕೀರಿ?’ ಬಹಳ ವರ್ಷಗಳಿಂದ ನನ್ನ ಉತ್ತರ ಒಂದೇ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್, 400 ಎಎಸ್‌ಎ, ಕಪ್ಪು ಬಿಳುಪು. ಅದೇ ಯಾಕೆ ಎಂದು ಮುಂದುವರಿದು ಕೇಳಿದರೆ ಅದಕ್ಕೂ ಉತ್ತರ ಸಿದ್ಧವಿದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚುಕಡಿಮೆಯಾದರೂ ಅದು ಕೈ ಬಿಡುವುದಿಲ್ಲ. 1600ಕ್ಕೆ ಪುಷ್ ಮಾಡಿದರೆ ತಾಳಿಕೊಳ್ಳುತ್ತದೆ. ಗ್ರೇನ್ ಕಣ್ಣಿಗೆ ಹಿತ. ಕೊಡಾಕ್‌ನ ಟ್ರೈ-ಎಕ್ಸ್‌ಗಿಂತ ಅಗ್ಗ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಹಳೆಯ ನೆಗೆಟಿವ್ ಫೈಲುಗಳನ್ನು ಲೈಟ್ ಟೇಬಲ್ಲಿನ ಮೇಲೆ ಹರಡಿಕೊಂಡು ಕೂತ ಮೇಲೆ, ಈ ಕಾರಣಗಳ ಅಡಿಯಲ್ಲಿ ನಾನು ಯಾರಿಗೂ ಹೇಳದ, ನನಗೂ ಹೇಳಿಕೊಳ್ಳದ ಇನ್ನೊಂದು ಕಾರಣ ಇದೆ ಎನ್ನುವುದು ಸ್ಪಷ್ಟವಾಗುತ್ತಾ ಬಂದಿದೆ.

ನಮ್ಮೂರ ಸ್ಟುಡಿಯೊದವರಿಗೆ ಯಾವ ರೀಲು ಎಂಬ ಪ್ರಶ್ನೆಯೇ ಇರಲಿಲ್ಲ. ವಿದೇಶಿ ಸರಕಿಗೆ ಲೈಸೆನ್ಸು ಬೇಕಿದ್ದ ಕಾಲ ಅದು. ಪೂರ್ವ ಜರ್ಮನಿಯ ವೋಲ್ಫೆನ್ ಕಾರ್ಖಾನೆಯ ಒರ್ವೊ ಫಿಲ್ಮು ರೂಪಾಯಿ ವ್ಯಾಪಾರದ ಒಪ್ಪಂದದಲ್ಲಿ ಬರುತ್ತಿತ್ತು, ಡಾಲರ್ ಬೇಕಿರಲಿಲ್ಲ. ನಮ್ಮದೇ ಎಂದು ಹೇಳಿಕೊಳ್ಳಲು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇತ್ತು. 1960ರಲ್ಲಿ ಸ್ಥಾಪನೆಯಾದ ಆ ಸರ್ಕಾರಿ ಕಂಪನಿ ‘ಇಂದು’ ಹೆಸರಿನಲ್ಲಿ ಫಿಲ್ಮು, ಬ್ರೋಮೈಡ್ ಕಾಗದ, ಎಕ್ಸ್‌ರೇ ಶೀಟು ಎಲ್ಲವನ್ನೂ ಮಾಡಿತು. ಸ್ಟುಡಿಯೊದವರು ನೂರು ಅಡಿಯ ಡಬ್ಬಿ ತರಿಸಿ, ಕತ್ತಲೆಕೋಣೆಯಲ್ಲಿ ಕೈಯಳತೆಯಲ್ಲೇ ಕತ್ತರಿಸಿ ಹಳೆಯ ಕ್ಯಾಸೆಟ್ಟುಗಳಿಗೆ ಸುತ್ತುತ್ತಿದ್ದರು. ಒಂದು ಡಬ್ಬಿಗೆ 36 ಚಿತ್ರಗಳ ಹದಿನೆಂಟು ರೋಲು. ಸಿಕ್ಕಿದ ಆ ಒಂದು ಫಿಲ್ಮು ಬಾಗಿಲ ಬೆಳಕಿನಲ್ಲಿ ಹೇಗೆ, ಎರಡು ಫೋಟೊಫ್ಲಡ್ ದೀಪದಲ್ಲಿ ಹೇಗೆ, ಮಳೆಗಾಲದ ಮಧ್ಯಾಹ್ನ ಮೂರು ಗಂಟೆಗೆ ಹೇಗೆ ಎಂಬುದನ್ನು ಅವರು ಮೀಟರ್ ಇಲ್ಲದೆ ಹೇಳುತ್ತಿದ್ದರು. ನಾನು ಕಂಡ ಸ್ಟುಡಿಯೊದ ಒಬ್ಬ ಹಿರಿಯರು ನೆಗೆಟಿವನ್ನು ಕಿಟಕಿಗೆ ಹಿಡಿದು, ಚೂಪು ಮಾಡಿದ ಪೆನ್ಸಿಲಿನಿಂದ ಕೆನ್ನೆಯ ಗುಳಿ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ತುಂಬುತ್ತಿದ್ದರು. ಅವರು ತುಂಬುತ್ತಿದ್ದುದು ಎಲ್ಲರಿಗೂ. ಗೌಡರ ಮಗಳಿಗೂ ತುಂಬುತ್ತಿದ್ದರು, ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಸಲು ಬಂದ ಕೂಲಿಯವನಿಗೂ ತುಂಬುತ್ತಿದ್ದರು. ಆಗ ನನಗೆ ಅದು ಸುಳ್ಳು ಅನ್ನಿಸುತ್ತಿತ್ತು. ಈಗ ಆ ‘ಎಲ್ಲರಿಗೂ’ ಎಂಬುದರ ಬಗ್ಗೆ ಯೋಚಿಸುತ್ತೇನೆ.

ನಾನು ಕ್ಯಾಮೆರಾ ಹಿಡಿಯುವ ಹೊತ್ತಿಗೆ ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೊಡಾಕ್, ಫ್ಯೂಜಿ, ಕೊನಿಕಾ, ಆಗ್ಫಾ ಎಲ್ಲವೂ ಸಿಗುತ್ತಿದ್ದವು. ಆಮೇಲೆ ಒಂದೊಂದಾಗಿ ನಿಂತವು. 2005ರಲ್ಲಿ ಆಗ್ಫಾಫೋಟೊ ದಿವಾಳಿಯೆದ್ದಿತು, ಅದರ ಹಿಂದೆಯೇ ಕೊನಿಕಾ ಫಿಲ್ಮಿನ ವ್ಯಾಪಾರ ಬಿಟ್ಟಿತು, 2012ರಲ್ಲಿ ಕೊಡಾಕ್ ಕೂಡ ದಿವಾಳಿ ಅರ್ಜಿ ಹಾಕಿತು. ಊಟಿಯ ಕಾರ್ಖಾನೆಯೂ ಬಾಗಿಲು ಹಾಕಿತು. ಈಗ ಉಳಿದ ಕೆಲವು ಬಗೆಗಳನ್ನು ನಾನು ಅಂಚೆಯಲ್ಲಿ ತರಿಸುತ್ತೇನೆ. ಒಂದು ರೋಲ್ ಟ್ರೈ-ಎಕ್ಸ್‌ಗೆ ಸಾವಿರ ರೂಪಾಯಿಯ ಮೇಲಾಗುತ್ತದೆ. ಹಾಗಾಗಿ ನನ್ನ ಆಯ್ಕೆಯ ಹೊಣೆಯನ್ನು ಅಂಗಡಿಯ ಮೇಲಾಗಲಿ, ಆಮದು ನೀತಿಯ ಮೇಲಾಗಲಿ ಹಾಕುವಂತಿಲ್ಲ. ಇಷ್ಟು ದುಡ್ಡು ಕೊಟ್ಟು, ಇಷ್ಟು ದಿನ ಕಾದು ತರಿಸಿಕೊಂಡದ್ದು ನನ್ನ ಮನಸ್ಸಿಗೆ ಬೇಕಾದದ್ದೇ ಆಗಿರಬೇಕು.

ಮನಸ್ಸಿಗೆ ಏನು ಬೇಕಾಗಿತ್ತು ಎಂಬುದನ್ನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನನಗೆ ತೋರಿಸಿತು.

ಸುಗ್ಗಿಯ ದಿನಗಳಲ್ಲಿ, ಫೆಬ್ರುವರಿ ಮಾರ್ಚ್‌ನಲ್ಲಿ, ಬ್ಯಾಡಗಿಯ ಎಪಿಎಂಸಿ ಪ್ರಾಂಗಣಕ್ಕೆ ಹೋದವರಿಗೆ ಗೊತ್ತು. ಚೀಲಗಳ ಬಾಯಿ ಬಿಚ್ಚಿರುತ್ತದೆ, ಕಣ್ಣು ಹಾಯುವವರೆಗೂ ಕೆಂಪು. ಸುಕ್ಕುಸುಕ್ಕಾದ, ಖಾರ ಕಡಿಮೆಯ, ಬಣ್ಣಕ್ಕೇ ಹೆಸರಾದ ಕಾಯಿ ಅದು. ಆ ಬಣ್ಣವನ್ನು ತೆಗೆದು ಲಿಪ್‌ಸ್ಟಿಕ್ಕಿಗೂ ತಿನಿಸಿಗೂ ಬಳಸುತ್ತಾರೆ. ಬಣ್ಣಕ್ಕಾಗಿಯೇ ಮಾರಾಟವಾಗುವ ಒಂದು ವಸ್ತುವಿನ ಮುಂದೆ ನಾನು ಪ್ರತಿವರ್ಷವೂ ಕಪ್ಪು ಬಿಳುಪಿನ ರೀಲು ಹಾಕಿಕೊಂಡು ನಿಲ್ಲುತ್ತೇನೆ.

ಅಲ್ಲಿ ನಾನು ಮಾಡಿ ನೋಡಿದ ಒಂದು ಪ್ರಯೋಗವನ್ನು ಹೇಳಬೇಕು. ಬೆಳ್ಳಿಯ ಲವಣಕ್ಕೆ ಹುಟ್ಟಿನಿಂದ ಕಾಣುವುದು ನೀಲಿಯ ಕಡೆಯ ಬೆಳಕು ಮಾತ್ರ. ಅದಕ್ಕೆ ಬಣ್ಣದ ರಾಸಾಯನಿಕ ಬೆರೆಸಿದರೆ ಹಸಿರೂ ಕಾಣುವಂತೆ ಮಾಡಬಹುದೆಂದು 1873ರಲ್ಲಿ ಜರ್ಮನಿಯ ಹರ್ಮನ್ ವಿಲ್‌ಹೆಲ್ಮ್ ಫೋಗಲ್ ಕಂಡುಹಿಡಿದ. ಹಾಗೆ ಹಸಿರಿನವರೆಗೆ ಬಂದು ಕೆಂಪಿನ ಮುಂದೆ ನಿಂತುಬಿಟ್ಟ ಫಿಲ್ಮನ್ನು ಆರ್ಥೊ ಎನ್ನುತ್ತಾರೆ. ಕೆಂಪನ್ನೂ ಕಾಣುವುದು ಪ್ಯಾನ್‌ಕ್ರೊಮ್ಯಾಟಿಕ್. ನನ್ನ ಎಚ್‌ಪಿ5 ಎರಡನೆಯ ಜಾತಿಯದು. ಒಂದೇ ರಾಶಿಯನ್ನು ಇಲ್‌ಫರ್ಡ್‌ನ ಆರ್ಥೊ ಪ್ಲಸ್‌ನಲ್ಲಿ ತೆಗೆದಾಗ ಮೆಣಸಿನಕಾಯಿ ಇದ್ದಲಿನಷ್ಟು ಕಪ್ಪಗೆ ಬಂತು. ಎಚ್‌ಪಿ5ರಲ್ಲಿ ನಡುವಿನ ಬೂದು. ಅದೇ ಎಚ್‌ಪಿ5ಕ್ಕೆ ಕೆಂಪು ಫಿಲ್ಟರ್ ಹಾಕಿದಾಗ ರಾಶಿ ಹತ್ತಿಯಂತೆ ಬೆಳ್ಳಗಾಯಿತು. ಮೆಣಸಿನಕಾಯಿಯ ಜೊತೆಗೇ ರಾಶಿಯ ಪಕ್ಕ ಕೂತು ತೊಟ್ಟು ಬಿಡಿಸುತ್ತಿದ್ದ ಹೆಂಗಸರ ಮುಖವೂ ಬದಲಾಯಿತು. ನಮ್ಮ ಮೈಬಣ್ಣದಲ್ಲಿ ಕೆಂಪಿನ ಅಂಶ ಹೆಚ್ಚು. ಆರ್ಥೊದಲ್ಲಿ ಅವರ ಕೆನ್ನೆ, ತುಟಿ ಕಪ್ಪಿಟ್ಟು ವಯಸ್ಸಾದಂತೆ ಕಂಡವು. ಕೆಂಪು ಫಿಲ್ಟರಿನಲ್ಲಿ ಬಿಸಿಲೇ ಕಾಣದವರ ಹಾಗೆ ಬಿಳಿಚಿದವು. ಒಬ್ಬಳೇ ಹೆಂಗಸು, ಒಂದೇ ಬಿಸಿಲು. ಕಪ್ಪು ಬಿಳುಪು ಇದ್ದದ್ದನ್ನು ಇದ್ದಹಾಗೆ ಹೇಳುತ್ತದೆ, ಬಣ್ಣ ಮರುಳು ಮಾಡುತ್ತದೆ ಎಂದು ಕಿರಿಯರಿಗೆ ನಾನು ಹೇಳುತ್ತಾ ಬಂದಿದ್ದೆ. ಆ ಕಾಂಟ್ಯಾಕ್ಟ್ ಪ್ರಿಂಟ್ ನೋಡಿದ ಮೇಲೆ ಹಾಗೆ ಹೇಳಲು ಬಾಯಿ ಬಂದಿಲ್ಲ.

ಈ ಜಾಗದಲ್ಲಿ ರಘುಬೀರ್ ಸಿಂಗ್ ನೆನಪಾಗುತ್ತಾರೆ. 1942ರಲ್ಲಿ ಜೈಪುರದಲ್ಲಿ ಹುಟ್ಟಿ, 1999ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಈ ಛಾಯಾಗ್ರಾಹಕ, ಗಂಭೀರ ಛಾಯಾಗ್ರಹಣವೆಂದರೆ ಕಪ್ಪು ಬಿಳುಪು ಎಂದು ಎಲ್ಲರೂ ನಂಬಿದ್ದ ದಿನಗಳಲ್ಲೇ ಕೊಡಾಕ್ರೋಮ್ ಸ್ಲೈಡಿಗೆ ಅಂಟಿಕೊಂಡರು. 1998ರಲ್ಲಿ ಬಂದ ‘ರಿವರ್ ಆಫ್ ಕಲರ್’ ಪುಸ್ತಕದ ಪ್ರಸ್ತಾವನೆಯಲ್ಲಿ ಅವರ ವಾದ ಹೆಚ್ಚುಕಡಿಮೆ ಹೀಗೆ: ಪಶ್ಚಿಮದ ಆಧುನಿಕರ ಒಂಟಿತನ, ಪಾಪಪ್ರಜ್ಞೆ, ಸಾವಿನ ಚಿಂತೆಗಳಿಗೆ ಕಪ್ಪು ಬಿಳುಪು ಒಗ್ಗುತ್ತದೆ, ಭಾರತದವರಿಗೆ ಬಣ್ಣ ಎಂಬುದು ಬದುಕನ್ನು ಕಾಣುವ ಬಗೆ. ಕೊಡಾಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು. ಕಾರ್ಖಾನೆಯಿಂದ ಹೊರಬಿದ್ದ ಕೊನೆಯ ರೋಲನ್ನು ಸ್ಟೀವ್ ಮೆಕರಿ ಕೈಗೆ ಕೊಟ್ಟಾಗ ಅವರೂ ಅದರ ಒಂದು ಭಾಗವನ್ನು ಭಾರತಕ್ಕೇ ತಂದರು. ಆ ಸ್ಲೈಡುಗಳ ಕೆಂಪನ್ನು ಪುಸ್ತಕದ ಮುದ್ರಣದಲ್ಲಿ ನೋಡಿದರೂ ಸಾಕು, ಯಾಕೆ ಎಂದು ಕೇಳಬೇಕಾಗುವುದಿಲ್ಲ.

ಸಿಂಗ್ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆಯವರು ಕಾಡಿನ ಬೆಳಕನ್ನು ಕಪ್ಪು ಬಿಳುಪಿನಲ್ಲೇ ಹಿಡಿದವರು. ಆನೆಯ ಬೆನ್ನಿನ ಧೂಳು, ಎಲೆಯ ಸಂದಿಯ ಬಿಸಿಲು ಎರಡಕ್ಕೂ ಅವರ ಚಿತ್ರಗಳಲ್ಲಿ ಬಣ್ಣದ ಕೊರತೆ ಕಾಣುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರಂತೂ ಬದುಕಿನುದ್ದಕ್ಕೂ ಸಾಮಾನ್ಯರ ಮುಖಗಳನ್ನು ತೆಗೆದರು. ಶಾಲೆಯ ಮಕ್ಕಳು, ಬೀದಿಯ ವ್ಯಾಪಾರಿ, ಹಳ್ಳಿಯ ತಾಯಿ, ಯಾರನ್ನು ನೋಡಿದರೂ ಮುಖದ ತುಂಬ ಬೆಳಕು ಇರುತ್ತದೆ, ಕಣ್ಣು ಕಾಣುತ್ತದೆ. ಅಲ್ಲಿ ಒಂಟಿತನವೂ ಇಲ್ಲ, ಪಾಪಪ್ರಜ್ಞೆಯೂ ಇಲ್ಲ. ತಪ್ಪು ಕಪ್ಪು ಬಿಳುಪಿನದಲ್ಲ. ಆದರೆ ‘ನೀನು ಯಾಕೆ ಅದನ್ನು ಹಿಡಿದೆ’ ಎಂಬ ಸಿಂಗ್ ಅವರ ಪ್ರಶ್ನೆಯಿಂದ ಸತ್ಯನ್ ಪಾರಾಗುತ್ತಾರೆಯೇ ಹೊರತು ನಾನು ಪಾರಾಗುವುದಿಲ್ಲ.

ನಾನು ಅದನ್ನು ಹಿಡಿದದ್ದು ಸೆಬಾಸ್ಟಿಯೊ ಸಾಲ್ಗಾಡೊ ಅವರ ಚಿತ್ರಗಳನ್ನು ನೋಡಿ. ಬ್ರೆಜಿಲ್ಲಿನ ಸೆರ್ರಾ ಪೆಲಾಡಾ ಚಿನ್ನದ ಗಣಿಯಲ್ಲಿ, 1986ರಲ್ಲಿ, ಕೆಸರು ಮೆತ್ತಿದ ಸಾವಿರಾರು ಜನ ಏಣಿಗಳ ಮೇಲೆ ಮಣ್ಣಿನ ಚೀಲ ಹೊತ್ತು ಹತ್ತುವ ಆ ಚಿತ್ರಗಳನ್ನು ಮೊದಲ ಸಲ ಕಂಡ ಯಾರಿಗೂ ಮರೆಯಲಾಗದು. ಟ್ರೈ-ಎಕ್ಸ್ ಫಿಲ್ಮಿನ ಒರಟು ಕಣಗಳು, ಕಪ್ಪುಗಟ್ಟಿದ ಮೈಗಳು. ದುಡಿಯುವವರ ಚಿತ್ರ ಎಂದರೆ ಹೀಗಿರಬೇಕು ಎಂದು ನಾನು ತೀರ್ಮಾನಿಸಿದೆ. ಬ್ಯಾಡಗಿಯ ಹಮಾಲರು ಮೆಣಸಿನಕಾಯಿ ಚೀಲ ಹೊತ್ತು ಲಾರಿಯ ಹಲಗೆ ಹತ್ತುವುದನ್ನು ಕಂಡಾಗ ನನ್ನ ಕಣ್ಣಿಗೆ ಬಿದ್ದದ್ದು ಬ್ರೆಜಿಲ್ಲಿನ ಏಣಿ. ಇದು ನನ್ನ ಮೆಚ್ಚುಗೆಯ ಮಾತು, ಸಾಲ್ಗಾಡೊ ಮೇಲಿನ ಆಕ್ಷೇಪವಲ್ಲ. ಅವರು ತಮ್ಮ ದೇಶದ ಗಣಿಯ ಮುಂದೆ ನಿಂತು ತೆಗೆದರು. ನಾನು ಅವರ ಚಿತ್ರದ ಮುಂದೆ ನಿಂತು ಬ್ಯಾಡಗಿಯನ್ನು ತೆಗೆದೆ.

ಇನ್ನು ಲೈಟ್ ಟೇಬಲ್ಲಿನ ಮಾತು. ನನ್ನ ನೆಗೆಟಿವ್ ಹಾಳೆಗಳ ಮೇಲೆ ಫಿಲ್ಮಿನ ಹೆಸರು, ಹಾಕಿದ ವೇಗ, ತೊಳೆದ ನಿಮಿಷ ಬರೆದಿಡುವ ಅಭ್ಯಾಸ ನನಗಿದೆ. ಮಾರುಕಟ್ಟೆಯ ಹಾಳೆಗಳನ್ನೂ ಮನೆಯ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ಓದುತ್ತಾ ಹೋದೆ. ಹಮಾಲರ ರೋಲುಗಳ ಮೇಲೆ: ಎಚ್‌ಪಿ5, 1600, ಐಡಿ-11 ಡೆವಲಪರ್, 14 ನಿಮಿಷ. ಅವ್ವನ ರೋಲುಗಳ ಮೇಲೆ: ಎಫ್‌ಪಿ4 ಪ್ಲಸ್, 125, ತೆಳು ಡೆವಲಪರ್. ಅಕ್ಕನ ಮಕ್ಕಳದು ಕೊಡಾಕ್ ಪೋರ್ಟ್ರಾ, ಬಣ್ಣ. ಹೆಂಡತಿಯದು ಪೋರ್ಟ್ರಾ. ಗೆಳೆಯನ ಮನೆಯ ಗೃಹಪ್ರವೇಶ, ಪೋರ್ಟ್ರಾ. ಗುತ್ತಿಗೆ ಕೆಲಸದವರು, ಎಚ್‌ಪಿ5, 1600. ವರ್ಷ ಬದಲಾದರೂ ಈ ಹಂಚಿಕೆ ಬದಲಾಗಿಲ್ಲ.

1600ಕ್ಕೆ ಪುಷ್ ಮಾಡುವುದು ಬೆಳಕು ಸಾಲದಾದಾಗ. ಬ್ಯಾಡಗಿಯ ಪ್ರಾಂಗಣದಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಬೆಳಕು ಸಾಲದೆ? ಸುಡುವ ಬಿಸಿಲಿನಲ್ಲಿ 400ರ ಫಿಲ್ಮೇ ಹೆಚ್ಚು, 100 ಸಾಕು. ಅಲ್ಲಿ 1600 ಹಾಕಬೇಕಾದರೆ ನನ್ನ ಕ್ಯಾಮೆರಾದ ಶಟರನ್ನು ಅದರ ಕಟ್ಟಕಡೆಯ ವೇಗಕ್ಕೆ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟು, ಲೆನ್ಸಿನ ಬಾಯನ್ನು 22ರವರೆಗೆ ಮುಚ್ಚಬೇಕು. ನಾನು ಅದನ್ನೇ ಮಾಡಿದ್ದೆ. ಬೆಳಕಿನ ಕೊರತೆಯ ನೆಪವೂ ಇಲ್ಲದೆ, ಗ್ರೇನ್ ಬೇಕೆಂದು, ಕಾಂಟ್ರಾಸ್ಟ್ ಬೇಕೆಂದು, ಒರಟು ಬೇಕೆಂದು.

ಪುಷ್ ಮಾಡಿದಾಗ ಫಿಲ್ಮಿನೊಳಗೆ ನಡೆಯುವುದು ಇಷ್ಟು. ಬೀಳಬೇಕಾದ ಬೆಳಕಿನ ಕಾಲುಭಾಗ ಮಾತ್ರ ಬೀಳುತ್ತದೆ. ಆಮೇಲೆ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು, ಏಳೂವರೆ ನಿಮಿಷದ ಬದಲು ಹದಿನಾಲ್ಕು ನಿಮಿಷ, ಇಡುತ್ತೇವೆ. ಬೆಳಕು ಚೆನ್ನಾಗಿ ಬಿದ್ದ ಜಾಗಗಳು ಇನ್ನಷ್ಟು ಗಟ್ಟಿಯಾಗುತ್ತವೆ. ಬೆಳಕೇ ಬೀಳದ ನೆರಳಿನಲ್ಲಿ ಎಷ್ಟು ಹೊತ್ತು ಇಟ್ಟರೂ ಏನೂ ಹುಟ್ಟುವುದಿಲ್ಲ. ಅಲ್ಲಿ ನೆಗೆಟಿವ್ ಗಾಜಿನಂತೆ ಖಾಲಿ. ಚೀಲ ಹೊತ್ತವನ ಮುಖ ಇರುವುದು ಚೀಲದ ನೆರಳಿನಲ್ಲಿ. ಲೂಪ್ ಹಿಡಿದು ಒಂದೊಂದೇ ಫ್ರೇಮು ನೋಡಿದೆ. ಗೋಣಿಯ ನೂಲು ಎಣಿಸುವಷ್ಟು ಸ್ಪಷ್ಟ. ತೋಳಿನ ನರ, ಬೆವರಿನ ಹೊಳಪು, ಹಲಗೆಯ ಸೀಳು, ಎಲ್ಲ ಇದೆ. ಕಣ್ಣಿರಬೇಕಾದ ಕಡೆ ಏನೂ ಇಲ್ಲ. ಇದೇ ಚಿತ್ರಗಳನ್ನು ಪ್ರದರ್ಶನದಲ್ಲಿ ನೋಡಿದವರು ‘ಎಷ್ಟು ಪವರ್‌ಫುಲ್’ ಎಂದಿದ್ದರು, ನಾನು ಒಪ್ಪಿಕೊಂಡಿದ್ದೆ. ಪಕ್ಕದ ಹಾಳೆಯಲ್ಲಿ ಅವ್ವ ಪಡಸಾಲೆಯ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಾಳೆ. ಕನ್ನಡಕದ ಹಿಂದೆ ರೆಪ್ಪೆಯ ಒಂದೊಂದು ಕೂದಲೂ ಇದೆ.

ನನ್ನವರಿಗೆ ನುಣುಪು, ಅವರಿಗೆ ಒರಟು. ಹೇಳಬೇಕೆಂದಿದ್ದ ಇನ್ನೊಂದು ಕಾರಣ ಇದು. ಯಾರನ್ನು ನಾನು ವ್ಯಕ್ತಿಯಾಗಿ ಬಲ್ಲೆನೋ ಅವರ ಮುಖ ಉಳಿಸುವ ಫಿಲ್ಮನ್ನು, ಯಾರನ್ನು ಒಂದು ವಿಷಯವಾಗಿ ಮಾತ್ರ ಕಂಡೆನೋ ಅವರ ಮುಖ ನುಂಗುವ ಫಿಲ್ಮನ್ನು ಕೈ ತಾನಾಗಿಯೇ ಆರಿಸುತ್ತಿತ್ತು. ಹಮಾಲರ ಬಗ್ಗೆ ನನಗೆ ಪ್ರೀತಿ ಇರಲಿಲ್ಲವೆಂದಲ್ಲ, ಗೌರವವೂ ಇತ್ತು. ಆ ಗೌರವ ಅವರ ದುಡಿಮೆಯ ಮೇಲಿತ್ತು. ಅವರಲ್ಲಿ ಒಬ್ಬರ ಹೆಸರೂ ಆ ಹಾಳೆಗಳ ಮೇಲಿಲ್ಲ.

ಕೊಡಾಕ್ ಕಂಪನಿಯ ‘ಶರ್ಲಿ ಕಾರ್ಡ್’ ವಿಷಯ ಓದಿದಾಗ ನನಗೆ ಬಂದ ಸಿಟ್ಟನ್ನು ಇದರ ಜೊತೆಗೇ ಹೇಳಬೇಕು. ಬಣ್ಣದ ಪ್ರಿಂಟು ಸರಿಯಾಗಿದೆಯೇ ಎಂದು ಲ್ಯಾಬಿನವರು ತಾಳೆ ನೋಡಲು ಕಂಪನಿ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು, ಅದರಲ್ಲಿ ಇರುತ್ತಿದ್ದದ್ದು ಬಿಳಿಯ ಹೆಣ್ಣು. ಅವಳ ಮೈಬಣ್ಣ ಸರಿ ಬಂದರೆ ಎಲ್ಲವೂ ಸರಿ. ಕಪ್ಪು ಮೈಯವರು ಅದೇ ಫಿಲ್ಮಿನಲ್ಲಿ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣದ ಹಾಗೆ ಬರುತ್ತಿದ್ದರು. ಕೆನಡಾದ ಸಂಶೋಧಕಿ ಲೋರ್ನಾ ರಾಥ್ ಇದನ್ನು ಬೆನ್ನುಹತ್ತಿ ಬರೆದಿದ್ದಾರೆ: ಕಂದುಬಣ್ಣದ ಛಾಯೆಗಳನ್ನು ಸುಧಾರಿಸಲು ಕಂಪನಿಯ ಮೇಲೆ ಒತ್ತಡ ಬಂದದ್ದು ಚಾಕೊಲೇಟ್ ತಯಾರಕರಿಂದ, ಮರದ ಪೀಠೋಪಕರಣ ಮಾರುವವರಿಂದ. ಚಾಕೊಲೇಟಿಗೆ ಸಿಕ್ಕ ಕಾಳಜಿ ಮನುಷ್ಯರಿಗೆ ಸಿಗಲಿಲ್ಲ ಎಂದು ನಾನು ಗೆಳೆಯರ ಮುಂದೆ ಕೂಗಾಡಿದ್ದೆ. ಆ ಕಂಪನಿ ಎಲ್ಲೋ ಅಮೆರಿಕದಲ್ಲಿ ಕೂತು ಮಾಡಿದ್ದನ್ನು ನಾನು ನನ್ನ ಬಚ್ಚಲುಮನೆಯ ಕತ್ತಲಲ್ಲಿ, ಅದೂ ಕೆಂಪನ್ನು ಚೆನ್ನಾಗಿಯೇ ಕಾಣಬಲ್ಲ ಫಿಲ್ಮನ್ನು ಕೈಯಲ್ಲಿಟ್ಟುಕೊಂಡು, ಡೆವಲಪರ್‌ನ ಉಷ್ಣತೆ ನೋಡಿ ನಿಮಿಷ ಲೆಕ್ಕ ಹಾಕಿ ಮಾಡುತ್ತಿದ್ದೆ.

ಕಳೆದ ಸುಗ್ಗಿಯಲ್ಲಿ ತೊಟ್ಟು ಬಿಡಿಸುವ ಹೆಂಗಸರ ಗುಂಪಿನ ಮುಂದೆ ಕೂತಿದ್ದಾಗ ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು, ‘ಸರ, ಇದು ಕಲರ್ ಬರ್ತೈತೇನ್ರಿ?’ ಇಲ್ಲ ಎಂದೆ. ‘ಹಂಗಾದ್ರ ಬ್ಯಾಡ್ರಿ. ಕಲರ್ ಹಾಕ್ಕೊಂಡ ಬರ್ರಿ, ಆವಾಗ ತಗೀರಿ’ ಎಂದು ಸೆರಗು ಮುಖಕ್ಕೆ ಎಳೆದುಕೊಂಡಳು. ಛಾಯಾಗ್ರಾಹಕರ ಇಷ್ಟಾನಿಷ್ಟದ ಬಗ್ಗೆ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಚಿತ್ರದಲ್ಲಿ ಇರುವವರಿಗೂ ಯಾವ ಫಿಲ್ಮು ಎಂಬ ಆಯ್ಕೆ ಇರಬಹುದೆಂದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ.

ಮುಂದಿನ ಸಂತೆಗೆ ಕೊಡಾಕ್ ಗೋಲ್ಡ್ 200 ಹಾಕಿಕೊಂಡು ಹೋದೆ. ಗಂಭೀರ ಕೆಲಸದವರು ಮುಟ್ಟುವುದಲ್ಲ ಎಂದು ನಾನೇ ಬದಿಗಿಟ್ಟಿದ್ದ ಫಿಲ್ಮು ಅದು. ಮದುವೆ, ಪ್ರವಾಸ, ಹುಟ್ಟುಹಬ್ಬದ ಫಿಲ್ಮು. ಹೆಂಗಸರು ತಾವೇ ಸಾಲಾಗಿ ಕೂತರು, ಹಿರಿಯಳು ನಡುವೆ. ರಾಶಿಯನ್ನು ಕೈಯಿಂದ ಸರಿಸಿ ಮುಂದೆ ಎತ್ತರ ಮಾಡಿಕೊಂಡರು. ಪ್ರಿಂಟು ಬಂದಾಗ ನಾನು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನೋಡದ ಒಂದನ್ನು ನೋಡಿದೆ. ಬಿಸಿಲು ಮೆಣಸಿನಕಾಯಿಗೆ ಬಡಿದು ಮೇಲಕ್ಕೆ ಚಿಮ್ಮಿ, ಎಲ್ಲರ ಗದ್ದದ ಕೆಳಗೆ, ಮೂಗಿನ ಅಡಿಯಲ್ಲಿ, ಸೆರಗಿನ ಒಳಮಡಿಕೆಯಲ್ಲಿ ಕೆಂಪು ತುಂಬಿತ್ತು. ನೆರಳಿನಲ್ಲೂ ಮುಖ ಇತ್ತು. ಬೆರಳ ತುದಿಗಳು ಬೇರೆಯದೇ ಕೆಂಪು. ಅವರು ದಿನವಿಡೀ ಕೂರುವ ಬೆಳಕೇ ಅದು, ನನ್ನ ರೀಲಿಗೆ ಅದು ಬೂದು.

ಹಮಾಲರಲ್ಲಿ ಒಬ್ಬ ತನ್ನದೂ ಆಗಬೇಕೆಂದ. ಚೀಲ ಹೊತ್ತು ಬರುತ್ತಾನೆ ಎಂದು ಕಾದೆ. ಅವನು ನಲ್ಲಿಯಲ್ಲಿ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಲಾರಿಯ ಬಣ್ಣದ ಚಿತ್ತಾರದ ಪಕ್ಕ ಬಂದು ನಿಂತ. ಚೀಲ ಬೇಡ, ಹಲಗೆ ಬೇಡ. ನನಗೆ ಬೇಕಾದ ಚಿತ್ರ ಅದಾಗಿರಲಿಲ್ಲ, ಈಗಲೂ ಅಲ್ಲ ಎಂದೇ ಅನ್ನಿಸುತ್ತದೆ. ತೆಗೆದೆ, ಎರಡು ಪ್ರತಿ ಹಾಕಿಸಿ ಕೊಟ್ಟೆ. ನೆಗೆಟಿವ್ ಹಾಳೆಯ ಮೇಲೆ ಫಿಲ್ಮಿನ ಹೆಸರಿಗಿಂತ ಮುಂಚೆ ಅವನ ಹೆಸರು ಬರೆದೆ.

ಎಚ್‌ಪಿ5 ಬಿಟ್ಟಿಲ್ಲ, ಬಿಡುವ ಮನಸ್ಸೂ ಇಲ್ಲ. ಈಗ ಪ್ರಾಂಗಣದಲ್ಲಿ ಅದನ್ನು ಹಾಕಿದರೆ 400ಕ್ಕೇ ಇಟ್ಟು, ಚೀಲದ ನೆರಳಿನಲ್ಲಿರುವ ಮುಖಕ್ಕೆ ಮೀಟರ್ ಹಿಡಿದು, ಏಳೂವರೆ ನಿಮಿಷಕ್ಕೆ ತೊಳೆಯುತ್ತೇನೆ. ಗೋಣಿ ಸ್ವಲ್ಪ ಬಿಳಿಚುತ್ತದೆ, ಬಿಳಿಚಲಿ. ಅವ್ವನಿಗೂ ಅದೇ ರೋಲು, ಅದೇ ನಿಮಿಷ. ಇನ್ನೊಂದು ಕ್ಯಾಮೆರಾದಲ್ಲಿ ಗೋಲ್ಡ್ ಇರುತ್ತದೆ. ಯಾವುದರಲ್ಲಿ ತೆಗೆಯಲಿ ಎಂದು ಕೇಳಿದ ಕೂಡಲೇ ಎಲ್ಲರೂ ಕೆಲಸ ಬಿಟ್ಟು ನೆಟ್ಟಗೆ ನಿಲ್ಲುತ್ತಾರೆ, ಆ ಕ್ಷಣದ ಓಡಾಟ ಅಲ್ಲಿಗೆ ಮುಗಿಯುತ್ತದೆ. ಕೇಳದೆ ತೆಗೆದರೆ ನನ್ನ ಕೈ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಗೆಳೆಯರೊಬ್ಬರು, ಕೇಳಿ ತೆಗೆದದ್ದು ಸ್ಟುಡಿಯೊ ಫೋಟೊ, ಮಾರುಕಟ್ಟೆಯ ಚಿತ್ರವಲ್ಲ ಎಂದು ವಾದಿಸುತ್ತಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ಸದ್ಯಕ್ಕೆ ಮೊದಲ ರೋಲು ಚಿತ್ರದಲ್ಲಿ ಇರುವವರು ಕೇಳಿದ್ದು, ಎರಡನೆಯದು ನನ್ನದು ಎಂದು ಇಟ್ಟುಕೊಂಡಿದ್ದೇನೆ, ಬರುವ ಸುಗ್ಗಿಗೆ ಎರಡನ್ನೂ ತರಿಸಿ ಫ್ರಿಜ್ಜಿನಲ್ಲಿ ಇಟ್ಟಾಗಿದೆ.